ಬರೆಯಲು ಹೆದರುವ ಸಂಶೋಧನಾರ್ಥಿಗಳ ಪರವಾಗಿ: ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ರಾಜ್ಯದ ಒಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ನನ್ನ ಪಿಎಚ್.ಡಿ. ಮುಗಿದಿದೆ. ಮೌಖಿಕ ಪರೀಕ್ಷೆ ಆಗಿ, ಪದವಿಯ ಅಧಿಸೂಚನೆಯೂ ಹೊರಬಿದ್ದಿದೆ. ಇಲ್ಲಿ ಹೇಳಲಿರುವ ಮಾತು ವರ್ಷಗಳಿಂದ ಮನಸ್ಸಿನಲ್ಲಿತ್ತು. ಆದರೆ ನೋಂದಣಿಯಲ್ಲಿರುವ ಸಂಶೋಧನಾರ್ಥಿಗೆ ಗೈಡ್ ಎಂದು ನಾವು ಕರೆಯುವ ಮಾರ್ಗದರ್ಶಕರಿಂದ ಹಿಡಿದು ಕುಲಸಚಿವರವರೆಗೆ ಎಷ್ಟೋ ಸಹಿಗಳು ಬೇಕಾಗುತ್ತವೆ. ಆ ಸಹಿಗಳು ಬಾಕಿ ಇರುವಾಗ ಯಾರೂ ಇಂಥ ಪತ್ರ ಬರೆಯುವುದಿಲ್ಲ. ಆದ್ದರಿಂದ ಇನ್ನೂ ಆ ಸಾಲಿನಲ್ಲಿ ನಿಂತಿರುವ ಗೆಳೆಯ ಗೆಳತಿಯರ ಪರವಾಗಿ ನಾನು ಬರೆಯುತ್ತಿದ್ದೇನೆ.

ನಮ್ಮ ಸಂಶೋಧನಾರ್ಥಿಗಳು ಬರೆಯಲು ಹೆದರುತ್ತಾರೆ. ಓದಲು ಹೆದರುವುದಿಲ್ಲ, ಕ್ಷೇತ್ರಕಾರ್ಯಕ್ಕೆ ಹೆದರುವುದಿಲ್ಲ, ಉರಿಬಿಸಿಲಿನಲ್ಲಿ ಊರೂರು ಅಲೆದು ಶಾಸನ ಹುಡುಕಲು, ನೂರಾರು ಮನೆಗಳ ಬಾಗಿಲು ತಟ್ಟಿ ಪ್ರಶ್ನಾವಳಿ ತುಂಬಿಸಲು ಹೆದರುವುದಿಲ್ಲ. ಮೊದಲ ಅಧ್ಯಾಯದ ಮೊದಲ ವಾಕ್ಯ ಬರೆಯುವ ಹೊತ್ತಿಗೆ ಕೈ ನಿಲ್ಲುತ್ತದೆ. ಈ ಹೆದರಿಕೆಯನ್ನು ನಮ್ಮ ವಿಭಾಗಗಳಲ್ಲಿ ಸೋಮಾರಿತನ ಎಂದು ಕರೆಯುತ್ತಾರೆ, ಶಿಸ್ತಿಲ್ಲ ಎನ್ನುತ್ತಾರೆ, ‘ಆಸಕ್ತಿ ಕಡಿಮೆ’ ಎಂದು ಪ್ರಗತಿ ವರದಿಯಲ್ಲಿ ಬರೆಯುತ್ತಾರೆ. ಈ ಹೆದರಿಕೆಯನ್ನು ಹುಟ್ಟಿಸಿದ್ದು ವಿಶ್ವವಿದ್ಯಾಲಯದ ವ್ಯವಸ್ಥೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ವ್ಯವಸ್ಥೆ ಹುಟ್ಟಿಸಿದ್ದನ್ನು ವ್ಯವಸ್ಥೆಯೇ ತೆಗೆಯಬಲ್ಲದು ಎಂಬ ನಂಬಿಕೆಯಿಂದಲೇ ನಿಮಗೆ ಈ ಪತ್ರ.

ಇದು ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ನಿಮಗೆ ಗೊತ್ತಿರಬಹುದು. ಒಳಗಿನಿಂದ ಹೇಗಿರುತ್ತದೆ ಎಂದು ಹೇಳುತ್ತೇನೆ. ನನ್ನ ವಿಷಯ ಸಹಕಾರ ಚಳವಳಿಯ ಚರಿತ್ರೆ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾಯಿತು. ಅಲ್ಲಿಂದ ಸುತ್ತಲಿನ ಹಳ್ಳಿಗಳಿಗೆ ಆ ಯೋಚನೆ ಹೇಗೆ ಹಬ್ಬಿತು, ಯಾರಿಗೆ ಸಾಲ ಸಿಕ್ಕಿತು, ಯಾರು ಹೊರಗುಳಿದರು ಎಂಬುದು ನನ್ನ ಪ್ರಶ್ನೆ. ಆ ಭಾಗ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಪತ್ರಾಗಾರದವರೆಗೂ ಹೋಗಿ ಕಡತ ನೋಡಿದೆ. ಹಳ್ಳಿಯ ಸಂಘಗಳ ನಡಾವಳಿ ಪುಸ್ತಕಗಳನ್ನು ಹುಳು ತಿಂದ ಅಂಚುಗಳ ಸಮೇತ ನಕಲು ಮಾಡಿಕೊಂಡೆ. ಟಿಪ್ಪಣಿ ಪುಸ್ತಕಗಳು ತುಂಬಿದವು. ಆ ಮೇಲೆ ಬಹಳ ಕಾಲ ಅವು ಒಕ್ಕಣೆಯಾಗದ ತೆನೆಯ ಹಾಗೆ ಕಣದಲ್ಲೇ ಬಿದ್ದಿದ್ದವು.

ಆ ಅವಧಿಯಲ್ಲಿ ನಾನು ಸುಮ್ಮನೆ ಕುಳಿತಿರಲಿಲ್ಲ. ಇದನ್ನು ಎಲ್ಲ ಸಂಶೋಧನಾರ್ಥಿಗಳೂ ಒಪ್ಪುತ್ತಾರೆ: ಬರೆಯಲಾಗದವರು ಅತ್ಯಂತ ಹೆಚ್ಚು ಕೆಲಸ ಮಾಡುತ್ತಿರುತ್ತಾರೆ. ಇನ್ನೊಂದು ಪುಸ್ತಕ ಓದಿಬಿಡೋಣ, ಆಮೇಲೆ ಬರೆಯೋಣ ಎಂದು ಹೊರಡುತ್ತಾರೆ. ಗ್ರಂಥಋಣದ ಪಟ್ಟಿಯನ್ನು ಅಕಾರಾದಿಯಾಗಿ ಮತ್ತೆ ಮತ್ತೆ ಜೋಡಿಸುತ್ತಾರೆ. ಪ್ರಬಂಧದ ಒಂದು ಸಾಲೂ ಇಲ್ಲದಾಗ ಕೃತಜ್ಞತೆಯ ಪುಟ ಬರೆದಿಟ್ಟುಕೊಳ್ಳುತ್ತಾರೆ. ಒಂದು ಪ್ಯಾರಾ ಬರೆದು, ಓದಿ, ಇದನ್ನು ನೋಡಿದರೆ ಗೈಡ್ ಏನೆಂದುಕೊಳ್ಳುತ್ತಾರೋ ಎಂದು ಅಳಿಸಿ, ಮರುದಿನ ಅದೇ ಪ್ಯಾರಾವನ್ನು ಪುನಃ ಬರೆಯುತ್ತಾರೆ. ನಿಧಾನವಾಗಿ ಗೈಡ್ ಕೊಠಡಿಯ ಎದುರು ಹಾಯುವುದನ್ನು ಬಿಟ್ಟು ಹಿಂಬದಿಯ ಮೆಟ್ಟಿಲು ಹಿಡಿಯುತ್ತಾರೆ. ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಹಬ್ಬಕ್ಕೆ ಊರಿಗೆ ಹೋದರೆ ‘ಎಲ್ಲಿಗೆ ಬಂತು ನಿನ್ನ ಪಿಎಚ್.ಡಿ.?’ ಎಂಬ ಪ್ರಶ್ನೆಗೆ ‘ಮುಗಿಯುತ್ತಾ ಬಂತು’ ಎಂದು ವರ್ಷವೂ ಅದೇ ಉತ್ತರ ಕೊಡಬೇಕಾಗುತ್ತದೆ; ಕೆಲವರು ಆ ಪ್ರಶ್ನೆಗಾಗಿಯೇ ಊರಿಗೆ ಹೋಗುವುದನ್ನು ನಿಲ್ಲಿಸುತ್ತಾರೆ.

ಇದೇನೂ ಹೊಸದಾಗಿ ಕಂಡುಹಿಡಿದ ಸಂಕಟವಲ್ಲ. 1975ರಲ್ಲೇ ಜಾನ್ ಡೇಲಿ ಮತ್ತು ಮೈಕಲ್ ಮಿಲ್ಲರ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಬರವಣಿಗೆಯ ಭಯವನ್ನು ಅಳೆಯಲು 26 ಹೇಳಿಕೆಗಳ ಒಂದು ಪ್ರಶ್ನಾವಳಿ ರೂಪಿಸಿದರು. ತಮ್ಮ ಬರಹವನ್ನು ಇನ್ನೊಬ್ಬರು ತೂಗಿನೋಡುವುದು ಎಂಬ ಆಲೋಚನೆಗೇ ಜನ ಹೇಗೆ ಅಳುಕುತ್ತಾರೆ, ಆ ಅಳುಕಿನಿಂದ ಬರೆಯುವ ಸಂದರ್ಭಗಳನ್ನೇ ಹೇಗೆ ತಪ್ಪಿಸಿಕೊಳ್ಳುತ್ತಾರೆ ಎಂಬುದು ಅವರ ಅಧ್ಯಯನದ ತಿರುಳು. 2018ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆ 26 ದೇಶಗಳ 2,279 ಮಂದಿಯನ್ನು, ಅವರಲ್ಲಿ ಹೆಚ್ಚಿನವರು ಪಿಎಚ್.ಡಿ. ವಿದ್ಯಾರ್ಥಿಗಳು, ಮಾತನಾಡಿಸಿತ್ತು. ಉತ್ತರಿಸಿದವರಲ್ಲಿ ಶೇ 41ರಷ್ಟು ಮಂದಿಯಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಆತಂಕ ಕಂಡುಬಂತು. ಜಗತ್ತಿನ ಸಮಸ್ಯೆ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ, ಏಕೆಂದರೆ ನಮ್ಮಲ್ಲಿ ಅದಕ್ಕೆ ನಮ್ಮದೇ ಆದ ಕಾರಣಗಳಿವೆ.

ಮೊದಲನೆಯ ಕಾರಣ ನಾವು ಓದಿ ಬಂದ ದಾರಿ. ಸರ್ಕಾರಿ ಶಾಲೆಯಲ್ಲಿ, ಆಮೇಲೆ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಓದಿದ ಒಬ್ಬ ಹುಡುಗಿಯ ಬರವಣಿಗೆಯ ಚರಿತ್ರೆ ಏನು? ಹಲಗೆಯ ಮೇಲಿನ ನೋಟ್ಸ್ ಇಳಿಸಿಕೊಂಡಳು. ಗೈಡ್ ಪುಸ್ತಕದ ಉತ್ತರ ಬಾಯಿಪಾಠ ಮಾಡಿ ಮೂರು ಗಂಟೆಯಲ್ಲಿ ಕಕ್ಕಿದಳು. ಆಂತರಿಕ ಅಂಕಗಳಿಗಾಗಿ ಅಸೈನ್‌ಮೆಂಟ್ ಬರೆದಾಗ ಅದು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಕೆಂಪು ಟಿಕ್ ಬಿತ್ತು, ಅಂಕ ಬಂತು. ಉತ್ತರ ಪತ್ರಿಕೆಗಳು ಅವಳ ಕೈಗೆ ಮರಳಿ ಬರಲೇ ಇಲ್ಲ. ಅವಳು ತಾನಾಗಿ ಯೋಚಿಸಿ ಬರೆದ ಒಂದು ಪುಟವನ್ನು ಇನ್ನೊಬ್ಬರು ಕೂತು ಓದಿ, ‘ಈ ಮಾತು ಚೆನ್ನಾಗಿದೆ, ಈ ಮಾತಿಗೆ ಆಧಾರ ಬೇಕು’ ಎಂದು ಹೇಳಿದ ಅನುಭವ ಸ್ನಾತಕೋತ್ತರ ಪದವಿ ಮುಗಿಯುವವರೆಗೂ ಅವಳಿಗೆ ಆಗಿರುವುದಿಲ್ಲ. ಅವಳ ಅಪ್ಪ ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲದಿದ್ದರೆ ಮನೆಯಲ್ಲಿಯೂ ಆಗಿರುವುದಿಲ್ಲ. ಹೀಗೆ ಬಂದವಳಿಗೆ ನಾವು ಮುನ್ನೂರು ಪುಟ ಸ್ವಂತದ್ದನ್ನು ಬರೆದು ತಾ ಎನ್ನುತ್ತೇವೆ.

ಪಿಎಚ್.ಡಿ.ಯ ಆರಂಭದಲ್ಲಿ ತರಗತಿಗಳ ಕೋರ್ಸ್‌ವರ್ಕ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಕಡ್ಡಾಯ. ನಾನು ಕಂಡ ತರಗತಿಗಳಲ್ಲಿ ಸಂಶೋಧನೆ ಎಂದರೇನು, ಅದರ ಲಕ್ಷಣಗಳು ಯಾವುವು, ಪ್ರಾಕ್ಕಲ್ಪನೆಯ ವಿಧಗಳೆಷ್ಟು ಎಂಬುದನ್ನು ಬರೆಸಿದರು. ಕೊನೆಗೆ ಮತ್ತದೇ ಮೂರು ಗಂಟೆಯ ಪರೀಕ್ಷೆ. ಟಿಪ್ಪಣಿಯಿಂದ ವಾದ ಹೇಗೆ ಹುಟ್ಟುತ್ತದೆ, ಅಧ್ಯಾಯವನ್ನು ಎಲ್ಲಿಂದ ಶುರು ಮಾಡಬೇಕು, ಇನ್ನೊಬ್ಬರ ಮಾತನ್ನು ನಮ್ಮ ಮಾತಿನೊಳಗೆ ಹೇಗೆ ತರಬೇಕು, ಮೊದಲ ಕರಡು ಕೆಟ್ಟದಾಗಿಯೇ ಇರುತ್ತದೆ ಎಂಬುದು ಸಹಜವೋ ಅಸಹಜವೋ, ಇದಾವುದೂ ಅಲ್ಲಿ ಬರಲಿಲ್ಲ. ಸಂಶೋಧನಾ ನೀತಿಯ ಎರಡು ಕ್ರೆಡಿಟ್‌ಗಳ ಪತ್ರಿಕೆ ಬಂದಿದೆ, ಒಳ್ಳೆಯದೇ. ಕದಿಯಬಾರದು ಎಂದು ಅದು ಕಲಿಸುತ್ತದೆ. ಸ್ವಂತವಾಗಿ ಬರೆಯುವುದನ್ನು ಕಲಿಸುವ ಜಾಗ ಪಠ್ಯಕ್ರಮದಲ್ಲಿ ಇನ್ನೂ ಖಾಲಿಯಿದೆ.

ಹಾಗಾಗಿ ಕೃತಿಚೌರ್ಯ ತಡೆಯ 2018ರ ನಿಯಮಾವಳಿ ಒಳ್ಳೆಯ ಉದ್ದೇಶದ್ದಾದರೂ ನಮ್ಮವರ ಪಾಲಿಗೆ ಮತ್ತೊಂದು ಭಯವಾಗಿ ಬಂದಿತು. ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರ ನಡುವೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮರುಸಲ್ಲಿಕೆ. 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಈ ಅಂಕಿಗಳು ಎಲ್ಲರಿಗೂ ಬಾಯಿಗೆ ಬರುತ್ತವೆ. ಉದ್ಧರಣ ಚಿಹ್ನೆಯೊಳಗಿಟ್ಟು ಆಧಾರ ಕೊಟ್ಟ ಮಾತು ಈ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅದೇ ನಿಯಮಾವಳಿಯಲ್ಲಿದೆ, ಆದರೆ ಅದನ್ನು ಬಲ್ಲವರು ಕಡಿಮೆ. ಪರಿಣಾಮವೇನೆಂದರೆ, ಬರೆಯುವಾಗ ‘ಇದು ಸರಿಯೇ?’ ಎಂಬ ಪ್ರಶ್ನೆಯ ಬದಲು ‘ಇದು ಸಿಕ್ಕಿಬೀಳುತ್ತದೆಯೇ?’ ಎಂಬ ಪ್ರಶ್ನೆ ತಲೆಯಲ್ಲಿ ಓಡುತ್ತದೆ. ಒಂದೂ ಪದ ಕದಿಯದವಳು ಕೂಡ ಕಳ್ಳಿಯಂತೆ ಅಳುಕುತ್ತಾ ಬರೆಯುತ್ತಾಳೆ.

ಆದರೆ ಇವೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಮ್ಮ ವ್ಯವಸ್ಥೆಯಲ್ಲಿ ಸಂಶೋಧನಾರ್ಥಿಯ ಬರಹವನ್ನು ಮೊದಲು ಓದುವವರೇ ಅದರ ತೀರ್ಪುಗಾರರು. ನಡುವೆ ಬರೇ ಓದುಗರು ಎಂದು ಯಾರೂ ಇಲ್ಲ. ಗೈಡ್ ಓದಬೇಕು, ಮತ್ತು ಗೈಡ್ ಸಹಿ ಹಾಕಬೇಕು. ಸಂಶೋಧನಾ ಸಲಹಾ ಸಮಿತಿ ಓದಬೇಕು, ಮತ್ತು ಅದೇ ಸಮಿತಿ ‘ತೃಪ್ತಿಕರ’ ಅಥವಾ ‘ಅತೃಪ್ತಿಕರ’ ಎಂದು ಬರೆಯಬೇಕು. ಹಾಗಿರುವಾಗ ಅರೆಬೆಂದ ಕರಡನ್ನು ಯಾರು ಮುಂದಿಡುತ್ತಾರೆ? ಪೂರ್ತಿ ಚೆನ್ನಾಗಿ ಆದ ಮೇಲೆ ತೋರಿಸೋಣ ಎಂದು ಎಲ್ಲರೂ ಬಚ್ಚಿಡುತ್ತಾರೆ. ತೋರಿಸದ ಕರಡು ಚೆನ್ನಾಗುವುದಿಲ್ಲ. ಚೆನ್ನಾಗದ್ದನ್ನು ತೋರಿಸಲಾಗುವುದಿಲ್ಲ. ವರ್ಷಗಳು ಕಳೆಯುವುದು ಈ ಸುಳಿಯಲ್ಲಿ.

ಇನ್ನು ಧೈರ್ಯ ಮಾಡಿ ಅಧ್ಯಾಯ ಕೊಟ್ಟವರ ಪಾಡು. ಕೊಟ್ಟ ಅಧ್ಯಾಯ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂರುತ್ತದೆ. ಮರಳಿ ಕೇಳುವ ಧೈರ್ಯ ಯಾರಿಗಿದೆ? ಆ ಮೌನವನ್ನು ಸಂಶೋಧನಾರ್ಥಿ ಒಂದೇ ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತಾನೆ: ಬರೆದದ್ದು ಓದಲೂ ಯೋಗ್ಯವಾಗಿಲ್ಲ. ಎರಡನೆಯ ಅಧ್ಯಾಯ ಅಲ್ಲಿಗೆ ನಿಲ್ಲುತ್ತದೆ. ಕೊನೆಗೆ ಪುಟಗಳು ಮರಳಿದರೆ ಅಂಚಿನಲ್ಲಿ ಕಾಗುಣಿತದ ತಿದ್ದುಪಡಿ ಮಾತ್ರ, ಅಥವಾ ‘ಇನ್ನೂ ಆಳವಾಗಬೇಕು’ ಎಂಬ ಒಂದು ಸಾಲು. ಎಲ್ಲಿ ಆಳವಾಗಬೇಕು, ಹೇಗೆ ಎಂದು ಹೇಳದ ಆ ಸಾಲು ಎಷ್ಟು ಜನರ ನಿದ್ದೆಗೆಡಿಸಿದೆ ಎಂದು ಅದನ್ನು ಬರೆದವರಿಗೆ ಗೊತ್ತಿರಲಿಕ್ಕಿಲ್ಲ.

ಗೈಡ್‌ಗಳನ್ನು ದೂರಲು ನಾನು ಇಲ್ಲಿ ನಿಂತಿಲ್ಲ. ನಿಯಮದಂತೆ ಪ್ರಾಧ್ಯಾಪಕರೊಬ್ಬರು ಎಂಟು ಮಂದಿಗೆ, ಸಹ ಪ್ರಾಧ್ಯಾಪಕರು ಆರು ಮಂದಿಗೆ, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗೆ ಮಾರ್ಗದರ್ಶನ ಮಾಡಬಹುದು. ವಿಭಾಗಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿವೆ. ಇರುವ ಒಬ್ಬಿಬ್ಬರ ಮೇಲೆ ಪಾಠ, ಮೌಲ್ಯಮಾಪನ, ನ್ಯಾಕ್ ದಾಖಲೆ, ಪ್ರವೇಶಾತಿ, ವಿಚಾರ ಸಂಕಿರಣ ಎಲ್ಲವೂ ಬೀಳುತ್ತವೆ. ಎಂಟು ಜನರ ಅಧ್ಯಾಯಗಳನ್ನು ಗಮನವಿಟ್ಟು ಓದುವ ಕೆಲಸಕ್ಕೆ ಅವರ ಕಾರ್ಯಭಾರದಲ್ಲಿ ಎಷ್ಟು ಗಂಟೆ ಮೀಸಲಿಟ್ಟಿದ್ದೀರಿ ಎಂದು ನಾನು ನಿಮ್ಮನ್ನೇ ಕೇಳಬೇಕಾಗಿದೆ. ಅಧ್ಯಾಯ ಓದುವುದು ಕೆಲಸ ಎಂದು ವಿಶ್ವವಿದ್ಯಾಲಯವೇ ಲೆಕ್ಕಕ್ಕೆ ಹಿಡಿಯದಿದ್ದರೆ ಅದು ರಾತ್ರಿ ಹತ್ತರ ನಂತರದ ಉಪಕಾರವಾಗಿಬಿಡುತ್ತದೆ. ಉಪಕಾರವನ್ನು ಯಾರೂ ಹಕ್ಕಿನಿಂದ ಕೇಳಲಾರರು.

ಭಾಷೆಯ ಮಾತನ್ನು ಬಿಟ್ಟರೆ ಈ ಪತ್ರ ಅರ್ಧವಾಗುತ್ತದೆ. ಸಮಾಜ ವಿಜ್ಞಾನದ ಹಲವು ವಿಷಯಗಳಲ್ಲಿ ಕನ್ನಡದಲ್ಲಿ ಪ್ರಬಂಧ ಸಲ್ಲಿಸಲು ನಮ್ಮಲ್ಲಿ ಅವಕಾಶವಿದೆ. ಆದರೂ ಮೊದಲ ದಿನದಿಂದಲೇ ‘ಇಂಗ್ಲಿಷ್‌ನಲ್ಲಿ ಬರೆದರೆ ಮಾತ್ರ ಬೆಲೆ’ ಎಂಬ ಸಲಹೆ ಕಿವಿಗೆ ಬೀಳುತ್ತದೆ. ಕನ್ನಡ ಮಾಧ್ಯಮದಲ್ಲಿ ಎಂ.ಎ. ಮಾಡಿದ ನನ್ನ ಗೆಳೆಯನೊಬ್ಬ ಆ ಸಲಹೆ ಪಾಲಿಸಿದ. ಅವನು ಮಾತಿಗೆ ಕುಳಿತರೆ ತನ್ನ ಜಿಲ್ಲೆಯ ಕೆರೆಗಳ ಚರಿತ್ರೆಯನ್ನು ಕೇಳುವವರು ಮೈಮರೆಯುವಂತೆ ಹೇಳುತ್ತಿದ್ದ. ಇಂಗ್ಲಿಷ್‌ನಲ್ಲಿ ಅದನ್ನೇ ಬರೆಯಲು ಹೊರಟಾಗ ಅವನಿಗೆ ಸಿಕ್ಕಿದ್ದು ಬೇರೆ ಪುಸ್ತಕಗಳ ವಾಕ್ಯಗಳು ಮಾತ್ರ. ಹೋಲಿಕೆ ಪರೀಕ್ಷೆಗೆ ಅವು ನಿಲ್ಲಲಿಲ್ಲ. ಅವನ ನೋಂದಣಿಯ ಅವಧಿ ಮುಗಿದಿದೆ, ಕೆರೆಗಳ ಆ ಚರಿತ್ರೆ ಅವನ ನೋಟ್‌ಬುಕ್ಕುಗಳಲ್ಲೇ ಉಳಿದಿದೆ. ಅವನು ಕನ್ನಡದಲ್ಲಿ ಬರೆದಿದ್ದರೆ ನಾಡಿಗೆ ಒಂದು ಒಳ್ಳೆಯ ಗ್ರಂಥ ಸಿಗುತ್ತಿತ್ತು ಎಂದು ನಾನು ಇಂದಿಗೂ ನಂಬುತ್ತೇನೆ. ಇಂಗ್ಲಿಷ್‌ನಲ್ಲಿ ಬರೆಯಬಯಸುವವರು ಬರೆಯಲಿ, ಅವರಿಗೆ ಬೇಕಾದ ತರಬೇತಿ ಕೊಡೋಣ. ಆದರೆ ಕನ್ನಡದಲ್ಲಿ ಯೋಚಿಸುವವರಿಗೆ ಕನ್ನಡದಲ್ಲಿ ಬರೆಯಲು ಧೈರ್ಯ ತುಂಬುವುದು ನಿಮ್ಮ ಹೊಣೆ.

ಕನ್ನಡದಲ್ಲಿ ಬರೆಯುವವರಿಗೆ ಮತ್ತೊಂದು ತೊಡಕಿದೆ, ಮೇಲ್ನೋಟಕ್ಕೆ ಚಿಕ್ಕದು. ಇಂದಿಗೂ ಬಹಳ ಮಂದಿ ಕೈಯಲ್ಲಿ ಬರೆದು ವಿಶ್ವವಿದ್ಯಾಲಯದ ಗೇಟಿನ ಎದುರಿನ ಡಿಟಿಪಿ ಅಂಗಡಿಗೆ ಕೊಡುತ್ತಾರೆ. ಅಲ್ಲಿ ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಅಚ್ಚಾಗುತ್ತದೆ. ಪುಟಕ್ಕೆ ಇಷ್ಟು ಎಂದು ದರ. ತಿದ್ದಿದರೆ ಮತ್ತೆ ದುಡ್ಡು. ಒಂದು ಅಧ್ಯಾಯವನ್ನು ಮೇಲಿನಿಂದ ಕೆಳಗೆ ಮಗುಚಿ ಬರೆದರೆ ಚೆನ್ನಾಗುತ್ತದೆ ಎಂದು ಗೊತ್ತಿದ್ದೂ, ಜೇಬು ನೋಡಿಕೊಂಡು ಸುಮ್ಮನಾಗುವವರನ್ನು ನಾನು ನೋಡಿದ್ದೇನೆ. ಆ ಫಾಂಟ್‌ಗಳ ಕಡತವನ್ನು ಹೋಲಿಕೆ ಪರೀಕ್ಷೆಯ ತಂತ್ರಾಂಶಕ್ಕೆ ಕೊಟ್ಟರೆ ಅದಕ್ಕೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಪರಿವರ್ತಿಸಲು ಹೋದರೆ ಒತ್ತಕ್ಷರಗಳು ಕೆಡುತ್ತವೆ. ಸಲ್ಲಿಕೆಯ ಕೊನೆಯ ವಾರಗಳು ಮುರಿದ ಅಕ್ಷರ ಕೂಡಿಸುವುದರಲ್ಲೇ ಹೋಗುತ್ತವೆ. ನೋಂದಣಿಯಾದ ಮೊದಲ ತಿಂಗಳಲ್ಲೇ ಪ್ರತಿಯೊಬ್ಬರಿಗೂ ಯೂನಿಕೋಡ್‌ನಲ್ಲಿ ಕನ್ನಡ ಬೆರಳಚ್ಚು ಕಲಿಸಲು ಗ್ರಂಥಾಲಯದ ಒಂದು ಕೊಠಡಿ ಮತ್ತು ಎರಡು ವಾರ ಸಾಕು. ಬೇರಾವ ಖರ್ಚಿಗೂ ಇಷ್ಟು ಫಲ ಸಿಗದು.

ಹಣದ ಪ್ರಶ್ನೆ ಇಲ್ಲಿಗೇ ಮುಗಿಯುವುದಿಲ್ಲ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರಿಗೆ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆನಂತರ 42,000 ರೂಪಾಯಿ. ಇದು ಐದು ವರ್ಷಕ್ಕೆ ನಿಲ್ಲುತ್ತದೆ. ನೋಂದಣಿಯ ಗರಿಷ್ಠ ಅವಧಿ ಆರು ವರ್ಷ, ಮರುನೋಂದಣಿ ಮಾಡಿಸಿದರೆ ಎಂಟು. ಅಂದರೆ ಮಾಹಿತಿ ಕೂಡಿಸುವ ಕಾಲಕ್ಕೆ ಹಣವಿದೆ. ಬರೆಯುವ ಕಾಲಕ್ಕೆ ಹಣವಿಲ್ಲ, ಹಾಸ್ಟೆಲ್ ಇಲ್ಲ. ಫೆಲೋಶಿಪ್ ಸಿಗದವರದ್ದು ಮೊದಲಿನಿಂದಲೂ ಇದೇ ಕಥೆ. ಎಲ್ಲರೂ ಅತಿಥಿ ಉಪನ್ಯಾಸಕರಾಗಿ ಬೇರೆ ಊರಿಗೆ ಹೊರಡುತ್ತಾರೆ, ಬಸ್ಸಿನಲ್ಲಿ ದಿನ ಕಳೆಯುತ್ತದೆ. ಮಹಿಳೆಯರಿಗೆ ಎರಡು ವರ್ಷ ಹೆಚ್ಚುವರಿ ಅವಧಿ, 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ನಿಯಮದಲ್ಲಿವೆ. ಅವು ಬೇಕೇ ಬೇಕು. ಆದರೆ ಹೆದರಿಕೆಯನ್ನು ಹಾಗೇ ಬಿಟ್ಟು ಅವಧಿಯನ್ನಷ್ಟೇ ಹಿಗ್ಗಿಸಿದರೆ ಹಿಗ್ಗುವುದು ಹೆದರಿಕೆಯೇ. ಮನೆಯಲ್ಲಿ ಮಗುವನ್ನು ಮಲಗಿಸಿ ರಾತ್ರಿ ಬರೆಯಲು ಕೂರುವ ಹೆಣ್ಣುಮಗಳಿಗೆ ವರ್ಷ ಕೊಟ್ಟರೆ ಸಾಲದು, ಅವಳು ಬರೆದ ಎರಡು ಪುಟವನ್ನು ಆ ವಾರವೇ ಓದುವ ಒಬ್ಬರನ್ನೂ ಕೊಡಬೇಕು.

ಈ ಭಯದ ಸುತ್ತ ಒಂದು ವ್ಯಾಪಾರವೂ ಬೆಳೆದಿದೆ ಎಂಬುದನ್ನು ನೀವು ಬಲ್ಲಿರಿ. ಪ್ರಬಂಧ ಬರೆದುಕೊಡುವವರಿದ್ದಾರೆ, ಹೋಲಿಕೆಯ ಪ್ರಮಾಣ ಇಳಿಸಿಕೊಡುವವರಿದ್ದಾರೆ, ಈಗ ಕ್ಷಣದಲ್ಲಿ ಪುಟ ತುಂಬಿಸುವ ಕೃತಕ ಬುದ್ಧಿಮತ್ತೆಯೂ ಇದೆ. ಅಲ್ಲಿಗೆ ಹೋಗುವವರೆಲ್ಲ ಮೋಸಗಾರರು ಎಂದು ನಾನು ನಂಬುವುದಿಲ್ಲ. ಅವರಲ್ಲಿ ಬಹುಪಾಲು ಮಂದಿ ಯಾರನ್ನೂ ಕೇಳಲು ಧೈರ್ಯವಿಲ್ಲದೆ, ಅವಧಿ ಮುಗಿಯುವ ಭೀತಿಯಲ್ಲಿ ಹೋದವರು. ಪತ್ತೆ ಹಚ್ಚುವ ತಂತ್ರಾಂಶಕ್ಕೆ ನಾವು ಮಾಡುವ ಖರ್ಚಿನ ಒಂದು ಪಾಲನ್ನಾದರೂ ಬರೆಯಲು ಕಲಿಸುವುದಕ್ಕೆ ಮಾಡಿದ್ದರೆ ಆ ಅಂಗಡಿಗಳ ಗಿರಾಕಿಗಳು ಕಡಿಮೆಯಾಗುತ್ತಿದ್ದರು.

ನನ್ನ ಕೈ ಹೇಗೆ ಓಡಿತು ಎಂಬುದನ್ನು ಹೇಳುತ್ತೇನೆ, ಏಕೆಂದರೆ ನನ್ನ ಕೋರಿಕೆ ಅದರ ಮೇಲೆಯೇ ನಿಂತಿದೆ. ಬೇರೆ ಬೇರೆ ವಿಭಾಗದ ನಾವು ನಾಲ್ವರು ಶನಿವಾರ ಮಧ್ಯಾಹ್ನ ಒಂದು ಖಾಲಿ ತರಗತಿಯಲ್ಲಿ ಸೇರತೊಡಗಿದೆವು. ಒಬ್ಬಳು ಸಸ್ಯಶಾಸ್ತ್ರ, ಒಬ್ಬ ಅರ್ಥಶಾಸ್ತ್ರ, ಒಬ್ಬ ಜಾನಪದ, ನಾನು ಇತಿಹಾಸ. ಆ ವಾರ ಬರೆದ ಎರಡು ಪುಟವನ್ನು ಪ್ರತಿಯೊಬ್ಬರೂ ಗಟ್ಟಿಯಾಗಿ ಓದಬೇಕು. ಉಳಿದವರು ಎರಡೇ ಸಂಗತಿ ಹೇಳಬೇಕು: ಏನು ಅರ್ಥವಾಯಿತು, ಎಲ್ಲಿ ಅರ್ಥವಾಗಲಿಲ್ಲ. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತಿಲ್ಲ. ನನ್ನ ವಿಷಯದ ಗಂಧಗಾಳಿಯೂ ಇಲ್ಲದ ಸಸ್ಯಶಾಸ್ತ್ರದ ಗೆಳತಿ ‘ಸಾಲ ಯಾರಿಗೆ ಸಿಗಲಿಲ್ಲ ಎಂದು ನೀನು ಇನ್ನೂ ಹೇಳಲೇ ಇಲ್ಲವಲ್ಲ’ ಎಂದಳು. ನನ್ನ ಮೂರನೆಯ ಅಧ್ಯಾಯ ಹುಟ್ಟಿದ್ದು ಆ ಒಂದು ಮಾತಿನಿಂದ. ನಮ್ಮಲ್ಲಿ ಯಾರ ಬಳಿಯೂ ಯಾರ ಸಹಿಗೂ ಅಧಿಕಾರವಿರಲಿಲ್ಲ, ಹಾಗಾಗಿ ಯಾರಿಗೂ ಹೆದರಿಕೆ ಇರಲಿಲ್ಲ.

ಇದು ಕನ್ನಡಕ್ಕೆ ಹೊಸತೇನಲ್ಲ. ಕಥಾ ಕಮ್ಮಟ, ಕಾವ್ಯ ಕಮ್ಮಟಗಳು ನಮ್ಮಲ್ಲಿ ಎಷ್ಟೋ ಕಾಲದಿಂದ ನಡೆದಿವೆ. ಹೊಸದಾಗಿ ಬರೆಯುವ ಹುಡುಗ ಹುಡುಗಿಯರು ತಮ್ಮ ಕವಿತೆಯನ್ನು ಹಿರಿಯರ ಎದುರು ಓದುತ್ತಾರೆ, ಚರ್ಚೆಯಾಗುತ್ತದೆ, ತಿದ್ದಿಕೊಂಡು ಮರುದಿನ ಮತ್ತೆ ಓದುತ್ತಾರೆ. ಕವಿಗಳಿಗೆ ಕಮ್ಮಟ ಬೇಕು ಎಂದು ಒಪ್ಪಿದ ನಾಡು ಸಂಶೋಧಕರಿಗೆ ಏಕೆ ಒಂದನ್ನೂ ಕಟ್ಟಲಿಲ್ಲ? ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1980ರ ದಶಕದಲ್ಲಿ ಅಧ್ಯಾಪಕರ ಮೂರು ಸಣ್ಣ ಗುಂಪುಗಳನ್ನು ಹೋಲಿಸಿ ನೋಡಿದರು. ತಮ್ಮ ಹಳೆಯ ಅಭ್ಯಾಸದಂತೆ ಬಿಡುವು ಸಿಕ್ಕಾಗ ಬರೆದವರು ವರ್ಷಕ್ಕೆ ಸರಾಸರಿ 17 ಪುಟ ಬರೆದಿದ್ದರು. ದಿನವೂ ಸ್ವಲ್ಪ ಬರೆದು ಲೆಕ್ಕ ಇಟ್ಟವರು 64 ಪುಟ. ಹಾಗೆ ಬರೆಯುತ್ತಲೇ ವಾರವಾರ ಒಬ್ಬರಿಗೆ ಒಪ್ಪಿಸುತ್ತಾ ಹೋದವರು 157 ಪುಟ. ಗುಂಪುಗಳು ಚಿಕ್ಕವು, ಇದರಿಂದ ಎಲ್ಲವನ್ನೂ ಸಾಧಿಸಲಾಗದು. ಆದರೂ ಮೂರನೆಯ ಅಂಕಿಯನ್ನು ನೋಡಿದಾಗ ನಮ್ಮ ಶನಿವಾರಗಳು ನನಗೆ ಅರ್ಥವಾದವು.

ಈಗ ಕೋರಿಕೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಎಲ್ಲ ವಿಷಯಗಳ ಪಿಎಚ್.ಡಿ. ಸಂಶೋಧನಾರ್ಥಿಗಳೂ ಬೋಧನೆಯ ಜತೆಗೆ ಬರವಣಿಗೆಯಲ್ಲಿ ತರಬೇತಿ ಪಡೆಯಬೇಕೆಂಬ ಮಾತು 2022ರ ನಿಯಮಾವಳಿಯಲ್ಲೇ ಇದೆ. ಅದನ್ನು ಕಡತದಿಂದ ತರಗತಿಗೆ ತನ್ನಿ. ಕೋರ್ಸ್‌ವರ್ಕ್‌ನ ಎರಡು ಕ್ರೆಡಿಟ್‌ಗಳನ್ನು ಬರವಣಿಗೆಗೆ ಕೊಡಿ, ಪರೀಕ್ಷೆ ಇಡಬೇಡಿ. ವಾರಕ್ಕೆ ಎರಡು ಪುಟ ಬರೆದು ಓದಿದರೆ ಕ್ರೆಡಿಟ್ ಸಿಗಲಿ. ಪ್ರತಿ ಸೆಮಿಸ್ಟರಿಗೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹಾಜರಾಗುವ ನಿಯಮವಿದೆ. ಈಗ ಅಲ್ಲಿ ಸ್ಲೈಡು ತೋರಿಸಿ, ಪ್ರಗತಿ ವರದಿಗೆ ಸಹಿ ಪಡೆದು ಬರುತ್ತೇವೆ. ಅದರ ಬದಲು ಹತ್ತು ಪುಟ ಕರಡನ್ನು ಮೊದಲೇ ಕೊಡುವುದು, ಸಮಿತಿ ಅದನ್ನು ಓದಿ ಬರಹದಲ್ಲಿ ಅಭಿಪ್ರಾಯ ಕೊಡುವುದು, ಆ ಕರಡಿನ ಗುಣಮಟ್ಟವನ್ನು ತೃಪ್ತಿಕರ, ಅತೃಪ್ತಿಕರ ಎಂದು ಗುರುತಿಸದಿರುವುದು ಎಂದು ಆದೇಶಿಸಿ. ಅಧ್ಯಾಯ ಕೊಟ್ಟ ನಾಲ್ಕು ವಾರದೊಳಗೆ ಗೈಡ್ ಲಿಖಿತ ಟಿಪ್ಪಣಿಯೊಂದಿಗೆ ಅದನ್ನು ಮರಳಿಸಬೇಕು ಎಂಬ ಗಡುವು ಇರಲಿ, ಆ ಗಂಟೆಗಳು ಅವರ ಕಾರ್ಯಭಾರದಲ್ಲಿ ಸೇರಲಿ. ಎರಡನ್ನೂ ಒಟ್ಟಿಗೆ ಮಾಡಿ. ಗಂಟೆ ಕೊಡದೆ ಗಡುವು ವಿಧಿಸಿದರೆ ಇನ್ನೊಬ್ಬರ ಮೇಲೆ ಭಯ ಹೊರಿಸಿದಂತಾಗುತ್ತದೆ.

ಇನ್ನೊಂದು ಆಸೆ ಇದೆ, ಇದು ಸ್ವಲ್ಪ ಸಂಕೋಚದ್ದು. ಶೋಧಗಂಗಾ ಜಾಲತಾಣದಲ್ಲಿ ದೇಶದ ಲಕ್ಷಾಂತರ ಪ್ರಬಂಧಗಳು ಸಿಗುತ್ತವೆ. ಆದರೆ ಅಲ್ಲಿರುವುದು ಮುಗಿದ ರೂಪ. ಅದನ್ನು ನೋಡಿ ಹೊಸಬರು ತಮ್ಮ ಮೊದಲ ಕರಡಿನೊಂದಿಗೆ ಹೋಲಿಸಿಕೊಂಡು ಕುಗ್ಗುತ್ತಾರೆ. ನಮ್ಮ ಹಿರಿಯ ಪ್ರಾಧ್ಯಾಪಕರು ತಮ್ಮ ಪ್ರಕಟಿತ ಲೇಖನಗಳ ಹಳೆಯ ಕರಡುಗಳನ್ನು, ಕಾಟು ಹೊಡೆದ ಸಾಲುಗಳ ಸಮೇತ, ವಿಭಾಗದ ಗ್ರಂಥಾಲಯಕ್ಕೆ ಕೊಡುವಂತಾದರೆ ಎಷ್ಟು ಚೆನ್ನ. ದೊಡ್ಡವರ ಬರಹವೂ ತೊದಲುತ್ತಲೇ ಹುಟ್ಟುತ್ತದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕಣ್ಣಾರೆ ಕಂಡರೆ ನಂಬುತ್ತಾರೆ.

ಕೆಲವರ ಹೆದರಿಕೆ ಬರವಣಿಗೆಯ ಗಡಿ ದಾಟಿ ಬದುಕನ್ನೇ ಆವರಿಸಿರುತ್ತದೆ. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ಪ್ರತಿ ಕ್ಯಾಂಪಸ್ಸಿನಲ್ಲಿ ಅವರು ಇರಲಿ, ಮತ್ತು ಅವರಲ್ಲಿಗೆ ಹೋದ ವಿಷಯ ವಿಭಾಗಕ್ಕೆ ತಲುಪದಿರಲಿ. ಇದನ್ನು ಓದುತ್ತಿರುವ ಗೆಳೆಯ ಗೆಳತಿಯರೇ, ನಿಮಗೆ ರಾತ್ರಿಗಳು ತೀರಾ ಭಾರವಾಗಿದ್ದರೆ ದಯವಿಟ್ಟು ಒಬ್ಬರ ಹತ್ತಿರ ಮಾತನಾಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಮಾನ್ಯರೇ, ಮುಂದಿನ ಸೆಮಿಸ್ಟರಿನ ಸಲಹಾ ಸಮಿತಿ ಸಭೆಗಳಿಗೆ ನಿಮ್ಮ ಕಚೇರಿಯಿಂದ ಸುತ್ತೋಲೆ ಹೊರಡುತ್ತದೆ. ಅದರಲ್ಲಿ ಈ ಹತ್ತು ಪುಟದ ಕರಡಿನ ಮಾತನ್ನು ಸೇರಿಸಿ. ನಿಮ್ಮಲ್ಲಿ ಯಾವುದೇ ವಿಶ್ವವಿದ್ಯಾಲಯ ಬರವಣಿಗೆಯ ಕಮ್ಮಟ ಆರಂಭಿಸಿದರೆ ಶನಿವಾರಗಳಂದು ಬಂದು ಕುಳಿತು ಕರಡು ಕೇಳಲು ನಾನು ಸಿದ್ಧಳಿದ್ದೇನೆ, ನನ್ನ ಜತೆಗಿದ್ದ ಉಳಿದ ಮೂವರೂ ಒಪ್ಪಿದ್ದಾರೆ. ಸಂಭಾವನೆಯ ಮಾತು ಬೇಡ, ಒಂದು ತರಗತಿಯ ಬೀಗದ ಕೈ ಕೊಟ್ಟರೆ ಸಾಕು.

ಗೌರವಪೂರ್ವಕವಾಗಿ,
ಇತಿಹಾಸದ ಒಬ್ಬ ಅತಿಥಿ ಉಪನ್ಯಾಸಕಿ